ಸ್ಯಾಕ್ಸೋಫೋನಿಗೆ ಸಾಟಿಯಾದ ದನಿ

1983. ಜರ್ಮನಿಯ ಇಸಿಎಂ ಕಂಪನಿ ‘ಜ್ಯೋತಿ’ ಆಲ್ಬಮ್ ತಂದಿತು. ಸ್ಯಾಕ್ಸೋಫೋನ್ ಅಮೆರಿಕದ ಜಾಝ್ ಕಲಾವಿದ ಚಾರ್ಲಿ ಮರಿಯಾನೋ ಅವರದು. ಆದರೆ ಮೊದಲ ತುಣುಕು? ಬೆಂಗಳೂರಿನ ಆರ್.ಎ. ರಮಾಮಣಿಯವರ ದನಿ!

ಕರ್ನಾಟಕ ಸಂಗೀತದ ಈ ಗಾಯಕಿ, ಪತಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ಯುರೋಪಿನ ಜಾಝ್ ವೇದಿಕೆ ಏರಿದವರು.

ಜಾಝ್‌ಗಾಗಿ ಅವರು ಅಮೆರಿಕದ ಗತ್ತನ್ನೇನೂ ಎರವಲು ತರಲಿಲ್ಲ. ರಾಗ ಹಿಡಿದರು, ಸಾಹಿತ್ಯ ಬದಿಗಿಟ್ಟು ಸರಿಗಮದಲ್ಲೇ ಓಡಿದರು. ಒಮ್ಮೆ ಸ್ಯಾಕ್ಸೋಫೋನಿನ ಜೊತೆಜೊತೆಗೇ, ಮರುಕ್ಷಣ ಸವಾಲ್-ಜವಾಬು, ನಡುವೆ ತಕಧಿಮಿ ತಕಜುಣು ಎಂದು ಬಾಯಲ್ಲೇ ಲಯ ನುಡಿಯುವ ಕೊನ್ನಕ್ಕೋಲು. ಆ ಕ್ಷಣಕ್ಕೇ ಹುಟ್ಟಿದಂತೆ ಕೇಳಿದರೂ ತಾಳದ ಲೆಕ್ಕ ಮಾತ್ರ ಬಿಗಿ.

ಲಕ್ಕುಂಡಿ, ಗದಗ ಸೀಮೆಯ ಕಿವಿಗೆ ಹೀಗೆ ಸ್ವರದಲ್ಲೇ ಹಾಡುವುದು ತೀರಾ ಹೊಸದೇನಲ್ಲ ಬಿಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ತಾನ, ಸರಗಮ್ ಕೇಳಿ ಪಳಗಿದ ಕಿವಿಯದು.