ಹೃದಯದ ಎರಡು ಗುಳಿಗೆಗಳು ಜೊತೆಯಾದಾಗ

ಹೃದಯರೋಗಕ್ಕೆ ಒಂದೇ ಔಷಧ ಸಾಕಾಗುವುದು ಅಪರೂಪ. ರಕ್ತದ ಒತ್ತಡ ಇಳಿಸಲು ಒಂದು, ಬಡಿತವನ್ನು ಹತೋಟಿಯಲ್ಲಿಡಲು ಇನ್ನೊಂದು, ಮೈಯಲ್ಲಿ ತುಂಬಿದ ನೀರನ್ನು ಹೊರಹಾಕಲು ಮತ್ತೊಂದು ಎಂದು ವೈದ್ಯರು ಹಲವು ಗುಳಿಗೆಗಳನ್ನು ಕೂಡಿಸಿಯೇ ಕೊಡುತ್ತಾರೆ; ಈ ಕೂಡಿಕೆಯಿಂದ ಉಳಿದ ಜೀವಗಳು ಅಸಂಖ್ಯ. ಅಪಾಯ ಹುಟ್ಟುವುದು ಎರಡು ಔಷಧಗಳು ದೇಹದ ಒಂದೇ ಕೆಲಸವನ್ನು ಎರಡು ಕಡೆಯಿಂದ ತಡೆಯುವಾಗ, ಅದರಲ್ಲೂ ಆ ತಡೆ ಎಷ್ಟಕ್ಕೆ ಮುಟ್ಟಿದೆ ಎಂದು ಅಳೆದು ನೋಡುವವರು ಯಾರೂ ಇಲ್ಲದಾಗ.

ಮೆಟೊಪ್ರೊಲಾಲ್, ಅಟೆನೊಲಾಲ್ ಮೊದಲಾದ ಬೀಟಾ ಬ್ಲಾಕರ್‌ಗಳು ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಾಗುವ ವಿದ್ಯುತ್ ಸಂಕೇತವನ್ನು ನಿಧಾನಗೊಳಿಸುತ್ತವೆ. ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್ ಕೂಡ ಅದನ್ನೇ ಮಾಡುವುದರಿಂದ, ಇವು ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿ ಅತಿಯಾಗಿ ಇಳಿದು, ತಲೆ ತಿರುಗಿ, ರೋಗಿ ಪ್ರಜ್ಞೆ ತಪ್ಪಿ ಬೀಳಬಹುದು. ವೆರಾಪಮಿಲ್, ಡಿಲ್ಟಿಯಾಜೆಮ್‌ಗಳ ವರ್ಗಕ್ಕೇ ಸೇರಿದರೂ ಮುಖ್ಯವಾಗಿ ರಕ್ತನಾಳಗಳ ಮೇಲೆ ಕೆಲಸ ಮಾಡುವ ಆಮ್ಲೊಡಿಪಿನ್ ಈ ತೊಂದರೆ ಕೊಡುವುದಿಲ್ಲ. ಅದನ್ನು ಬೀಟಾ ಬ್ಲಾಕರ್ ಜೊತೆ ಒಂದೇ ಗುಳಿಗೆಯಾಗಿಯೂ ಮಾರುತ್ತಾರೆ.

ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ, ಆದರೆ ಅಪಾಯ ಹೊರಗೆ ಕಾಣಿಸದ ಜೋಡಿ ಇನ್ನೊಂದಿದೆ. ರಾಮಿಪ್ರಿಲ್, ಎನಲಾಪ್ರಿಲ್, ಟೆಲ್ಮಿಸಾರ್ಟನ್‌ಗಳು ರಕ್ತನಾಳಗಳನ್ನು ಸಡಿಲಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಎಂಬುದು, ಹೃದಯ ಬಲಗುಂದಿದವರ ಮೈಯಲ್ಲಿ ನಿಂತ ಉಪ್ಪು-ನೀರನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ದಾರಿ ಬೇರೆಯಾದರೂ ಎರಡೂ ಬಗೆಯವು ಪೊಟ್ಯಾಸಿಯಂ ಎಂಬ ಲವಣಾಂಶವನ್ನು ಮೂತ್ರಪಿಂಡವು ಹೊರಗೆ ಕಳಿಸದಂತೆ ತಡೆಯುತ್ತವೆ. ಲೀಟರ್ ರಕ್ತದಲ್ಲಿ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 6ನ್ನು ದಾಟಿದರೆ ಬಡಿತದ ಲಯವೇ ಕೆಡಬಹುದು, ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಹೋಗಲೂಬಹುದು.

ಈ ಜೋಡಿಯ ಚರಿತ್ರೆಯನ್ನು ಪ್ರತಿಯೊಬ್ಬ ಓದುಗನೂ ತಿಳಿಯಬೇಕು. 1999ರಲ್ಲಿ ಪ್ರಕಟವಾದ ರೇಲ್ಸ್ ಎಂಬ ಅಧ್ಯಯನದಲ್ಲಿ, ತೀವ್ರ ಹೃದಯ ವೈಫಲ್ಯಕ್ಕೆ ಆಗಲೇ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಸ್ಪೈರೊನೊಲ್ಯಾಕ್ಟೋನನ್ನೂ ಕೊಟ್ಟಾಗ ಸಾವಿನ ಸಾಧ್ಯತೆ ಶೇಕಡಾ 30ರಷ್ಟು ಕಡಿಮೆಯಾಯಿತು. ಆದರೆ ಅಲ್ಲಿ ಮೂತ್ರಪಿಂಡ ತೀರ ಕೆಟ್ಟವರನ್ನು ಹೊರಗಿಟ್ಟು, ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಲಾಗಿತ್ತು. ಫಲಿತಾಂಶ ಹೊರಬಿದ್ದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ಈ ಗುಳಿಗೆಯ ಬಳಕೆ ಏಕಾಏಕಿ ಏರಿತು, ಅದರ ಬೆನ್ನಿಗೇ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರೂ ಹೆಚ್ಚಿದರು: 1994ರಲ್ಲಿ ಸಾವಿರ ರೋಗಿಗಳಿಗೆ 2.4ರಷ್ಟಿದ್ದ ಈ ಪ್ರಮಾಣ 2001ರ ಹೊತ್ತಿಗೆ 11ಕ್ಕೆ ಮುಟ್ಟಿತ್ತು ಎಂದು 2004ರ ವರದಿ ತೋರಿಸಿತು. ಅಧ್ಯಯನದಲ್ಲಿ ಜೀವ ಉಳಿಸಿದ ಔಷಧವೇ ಹೊರಗೆ ಜೀವಕ್ಕೆ ಎರವಾದದ್ದು, ಗುಳಿಗೆ ಊರೂರಿಗೆ ಹೋದರೂ ಅದರ ಹಿಂದಿದ್ದ ಎಚ್ಚರಿಕೆ ಹೋಗದಿದ್ದುದರಿಂದ.

ಈ ಮಾತು ವಿಜಯಪುರದ ಆಸುಪಾಸಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ; ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿಯುವವರ ಮೈಯಿಂದ ಬೆವರಾಗಿ ನೀರು ಹೋದಾಗ, ಅಥವಾ ವಾಂತಿ-ಭೇದಿಯಾದಾಗ, ಮೂತ್ರಪಿಂಡಕ್ಕೆ ರಕ್ತ ಸಾಲದೆ ಪೊಟ್ಯಾಸಿಯಂ ಇನ್ನೂ ಏರುತ್ತದೆ. ಮೊಣಕಾಲು ನೋವಿಗೆ ಅಂಗಡಿಯಿಂದ ಕೇಳಿ ತಂದು ನುಂಗುವ ಡೈಕ್ಲೊಫೆನಾಕ್ ಆ ಹಾನಿಯನ್ನು ಹೆಚ್ಚಿಸುತ್ತದೆ, ದಣಿವಿಗೆಂದು ಕುಡಿಯುವ ಎಳನೀರಿನಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿರುತ್ತದೆ. ಇದಲ್ಲದೆ ಈ ಭಾಗದ ರೋಗಿಗಳು ಒಮ್ಮೆ ವಿಜಯಪುರದ ದವಾಖಾನೆಗೆ, ಇನ್ನೊಮ್ಮೆ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗುವುದುಂಟು. ಆಗ ಎರಡು ಚೀಟಿಗಳಲ್ಲಿ ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಬರಬಹುದು, ಅಥವಾ ಒಂದರಲ್ಲಿ ರಾಮಿಪ್ರಿಲ್, ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ ಇರಬಹುದು. ಇವೆರಡನ್ನು ಕೂಡಿಸುವುದರಿಂದ ಹೆಚ್ಚಿನ ಲಾಭವಿಲ್ಲ, ಒತ್ತಡ ತೀರ ಕುಸಿಯುವುದು ಮತ್ತು ಮೂತ್ರಪಿಂಡ ಕೆಡುವುದು ಮಾತ್ರ ಹೆಚ್ಚುತ್ತದೆ ಎಂದು 25,620 ಜನರನ್ನು ಒಳಗೊಂಡ ಆನ್‌ಟಾರ್ಗೆಟ್ ಅಧ್ಯಯನ 2008ರಲ್ಲಿಯೇ ಸ್ಪಷ್ಟಪಡಿಸಿದೆ.

ಇದನ್ನು ಓದಿ ಗಾಬರಿಯಿಂದ ಗುಳಿಗೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪಾದೀತು, ಏಕೆಂದರೆ ಬೀಟಾ ಬ್ಲಾಕರನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಸ್ಪೈರೊನೊಲ್ಯಾಕ್ಟೋನ್ ಶುರುವಾದ ಸುಮಾರು ಒಂದು ವಾರಕ್ಕೆ, ಮತ್ತೆ ನಾಲ್ಕನೆಯ ವಾರಕ್ಕೆ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಕ್ರಿಯಾಟಿನಿನ್ ಎಂಬುದು ಮೂತ್ರಪಿಂಡದ ಕೆಲಸವನ್ನು ತೋರಿಸುವ ಅಳತೆ. ವಾಂತಿ-ಭೇದಿ ಹಿಡಿದ ದಿನವೇ ಯಾವ ಗುಳಿಗೆಯನ್ನು ತಡೆಯಬೇಕೆಂದು ವೈದ್ಯರನ್ನು ಕೇಳಬೇಕು. ತಲೆ ಸುತ್ತುವುದು, ಕೈಕಾಲು ಸೋಲುವುದು ಅಥವಾ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುವುದು ಕಂಡರೆ ತಡಮಾಡಬಾರದು. ದವಾಖಾನೆಗೆ ಹೋಗುವಾಗ, ಹೊಸ ಚೀಟಿಯೊಂದನ್ನೇ ಅಲ್ಲ, ಮನೆಯಲ್ಲಿರುವ ಎಲ್ಲ ಚೀಟಿಗಳನ್ನೂ ಗುಳಿಗೆಯ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಒಯ್ದು ವೈದ್ಯರ ಮುಂದಿಡಿ.