ಮಗು ತೀರಿಕೊಂಡಾಗ ಅಂಗದಾನದ ಮಾತು

ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗುವನ್ನು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯುತ್ತಾರೆ. ಅಲ್ಲಿ ವೈದ್ಯರು ‘ಮಿದುಳು ಸತ್ತಿದೆ’ ಎಂದರೆ ಹೆತ್ತವರಿಗೆ ನಂಬುವುದು ಕಷ್ಟ. ವೆಂಟಿಲೇಟರಿನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಇದು ಕೋಮಾ ಅಲ್ಲ, ಸಾವು. ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿಯೇ ಇದನ್ನು ದೃಢಪಡಿಸುತ್ತದೆ.

ನೀವು ಹತ್ತಿರದ ಬಂಧುಗಳಾಗಿದ್ದರೆ, ಸಾವಿನ ಸುದ್ದಿಯ ಜೊತೆಗೇ ಅಂಗದಾನದ ವಿಷಯ ಎತ್ತಬೇಡಿ. ಮೊದಲು ತಂದೆ-ತಾಯಿ ಮಗುವಿನ ಕೈ ಹಿಡಿದು ಅಳಲಿ, ಕೇಳುವುದು ಆಮೇಲೆ. 1994ರ ಕಾಯ್ದೆಯಂತೆ 18 ವರ್ಷದೊಳಗಿನವರ ಅಂಗದಾನಕ್ಕೆ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆ ಬೇಕು. ಒಪ್ಪಿದರೆ, ಅಂಗ ತೆಗೆದ ಗಾಯವನ್ನು ಹೊಲಿದು ದೇಹವನ್ನು ಅಂತ್ಯಕ್ರಿಯೆಗೆ ಒಪ್ಪಿಸುತ್ತಾರೆ. ಬೇಡವೆಂದರೆ ಅದೂ ಸರಿಯೇ. ಆ ಹೆತ್ತವರನ್ನು ಯಾರೂ ದೂರಬಾರದು.