ಬೋರ್‌ವೆಲ್ ನೀರಿಗೆ ಒಲಿಯದ ಗಿಡ

‘ಇದು ಬೇಡ ತಂಗಿ, ಅನುಬಿಯಸ್ ತಗೊಂಡು ಹೋಗು. ಮರೆತುಬಿಟ್ರೂ ಬದುಕಿಕೊಳ್ಳುತ್ತೆ.’

ಯಶವಂತಪುರದ ಅಕ್ವೇರಿಯಂ ಅಂಗಡಿಯ ಅಣ್ಣ ಹೀಗೆ ಹೇಳಿದಾಗಲೇ ನಾನು ವಾಪಸ್ ಬರಬೇಕಿತ್ತು. ಆದರೆ ಕಣ್ಣು ಆ ಕೆಂಪು ಬಿಟ್ಟು ಕದಲಲಿಲ್ಲ. ರೊಟಾಲಾ ಮ್ಯಾಕ್ರಾಂಡ್ರಾ ಅಂತ ಅದರ ಹೆಸರು. ಐದು ಕಡ್ಡಿಯ ಒಂದು ಕಟ್ಟಿಗೆ 150 ರೂಪಾಯಿ. ನೀರು ತುಂಬಿದ ಚೀಲವನ್ನು ಬಸ್ಸಿನಲ್ಲಿ ಯಲಹಂಕದವರೆಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಹನ್ನೊಂದನೇ ದಿನಕ್ಕೆ ಅದು ಗಾಜಿನ ತೊಟ್ಟಿಯಲ್ಲಿ ಬೆಂದ ದಂಟಿನ ಸೊಪ್ಪಿನಂತೆ ತೇಲುತ್ತಿತ್ತು. ಅದು 2024ರ ಜನವರಿ, ನನ್ನ ಬಿ.ಇ. ಮೊದಲ ವರ್ಷ.

ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಈ ಗಿಡ ಎಲ್ಲಿಂದಲೋ ಬಂದ ಪರದೇಶಿಯೂ ಅಲ್ಲ, ನೈಋತ್ಯ ಭಾರತದ ಜೌಗು ನೆಲದ್ದು. 1880ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕೋಯ್ನೆ ಇದನ್ನು ವಿವರಿಸಿ ಹೆಸರಿಟ್ಟ. ಇಂದು ಜಗತ್ತಿನಾದ್ಯಂತ ಅಕ್ವೇರಿಯಂ ಹವ್ಯಾಸಿಗಳು ಇದಕ್ಕಾಗಿ ಹಟ ಹಿಡಿಯುತ್ತಾರೆ. ದಾಳಿಂಬೆ, ಹೊಳೆದಾಸವಾಳ, ಗೋರಂಟಿ ಎಲ್ಲ ಇದೇ ಕುಟುಂಬಕ್ಕೆ ಸೇರಿದವು. ಗೋರಂಟಿಯ ನೆಂಟರು ಅಂದ ಕೂಡಲೇ ನಮ್ಮಜ್ಜಿಗೆ ಕುತೂಹಲ. ‘ಹಂಗಾದ್ರೆ ಅರೆದು ಹಚ್ಚಿದ್ರೆ ಕೈ ಕೆಂಪಾಗುತ್ತೇನೇ?’ ಎಂದು ಕೇಳಿದರು. ಆಗ ನನ್ನ ಬಳಿ ಅರೆಯಲು ಎಲೆಯೇ ಉಳಿದಿರಲಿಲ್ಲ.

ಯಾಕೆ ಸತ್ತಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಕಾಲೇಜಿನ ಲ್ಯಾಬಿನಲ್ಲಿ. ಎರಡನೇ ಸೆಮಿಸ್ಟರ್‌ನಲ್ಲಿ ನಮಗೆ ಕೆಮಿಸ್ಟ್ರಿ ಸೈಕಲ್. ಇಡಿಟಿಎ ಹನಿಹನಿಯಾಗಿ ಬಿಟ್ಟು ನೀರಿನ ಗಡಸುತನ ಅಳೆಯುವ ಪ್ರಯೋಗ ಬಂತು. ದ್ರಾಕ್ಷಾರಸದ ಕೆಂಪು ನೀಲಿಯಾದಾಗ ಬ್ಯೂರೆಟ್ ನಿಲ್ಲಿಸಬೇಕು. ಎಲ್ಲರೂ ಲ್ಯಾಬಿನವರು ಕೊಟ್ಟ ಸ್ಯಾಂಪಲ್ ಅಳೆದರೆ, ನಾನು ಮನೆಯ ಬೋರ್‌ವೆಲ್ ನೀರನ್ನೂ ಒಂದು ಬಾಟಲಿಯಲ್ಲಿ ತಂದಿದ್ದೆ. ಲೀಟರಿಗೆ 420 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 200, ಬೇರೆ ನೀರು ಸಿಗದಿದ್ದರೆ ಮಾತ್ರ 600ರವರೆಗೆ. ನನ್ನ ಗಿಡ ಮಳೆ ಸುರಿಯುವ ಸೀಮೆಯ ಮೆದು ನೀರಿನದು. ಅದನ್ನು ತಂದು ಬಕೆಟ್ಟಿಗೆ ಬಿಳಿ ಕಲೆ ಕಟ್ಟುವ ನೀರಿಗೆ ಹಾಕಿದ್ದೆ. ಎಂಜಿನಿಯರಿಂಗ್‌ನಲ್ಲಿ ಓದಿದ್ದೊಂದು ಮನೆಯಲ್ಲಿ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಎರಡನೇ ಕಟ್ಟಿಗೆ ಆರ್‌ಒ ನೀರು ಕೊಟ್ಟೆ. ಇಂಗಾಲದ ಡೈಆಕ್ಸೈಡೂ ಬೇಕಿತ್ತು. ಗಾಳಿಯಲ್ಲಿ ಬೆಳೆಯುವ ಗಿಡಕ್ಕೆ ಅದು ಸುಲಭವಾಗಿ ಸಿಗುತ್ತದೆ, ನೀರೊಳಗೆ ಕರಗಿರುವುದು ತೀರಾ ಕಡಿಮೆ. ಸಿಲಿಂಡರ್ ಕೊಳ್ಳುವ ಶಕ್ತಿ ಇರಲಿಲ್ಲ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ ಸಕ್ಕರೆ, ನೀರು, ಚಿಟಿಕೆ ಈಸ್ಟ್ ಹಾಕಿ ಮುಚ್ಚಳಕ್ಕೆ ತೂತು ಕೊರೆದು ಪೈಪ್ ಸಿಕ್ಕಿಸಿದೆ. ಈಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ಹೊರಬರುವ ಅನಿಲ ಗುಳುಗುಳು ಎಂದು ತೊಟ್ಟಿಗೆ ಇಳಿಯುತ್ತದೆ. ಮೂರನೇ ದಿನ ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿ, ‘ಏನೇ ಇದು ಹೆಂಡದ ವಾಸನೆ?’ ಎಂದರು. ವಿವರಿಸಲು ಅರ್ಧ ಗಂಟೆ ಬೇಕಾಯಿತು. ಪೂರ್ತಿ ನಂಬಿದಂತೇನೂ ಕಾಣಲಿಲ್ಲ.

ಗಿಡ ಚಿಗುರಿತು. ತುದಿಯ ಎಲೆಗಳಿಗೆ ನಸುಗೆಂಪು ಬಂತು. ಅಷ್ಟರಲ್ಲಿ ಮಾರ್ಚ್ ಬಂತು.

ಆ ಬೇಸಿಗೆಯನ್ನು ಬೆಂಗಳೂರಿನವರಿಗೆ ನೆನಪಿಸಬೇಕಿಲ್ಲ. ನಮ್ಮ ಬೋರ್‌ವೆಲ್ ಮೊದಲು ಅರ್ಧ ಗಂಟೆ, ಆಮೇಲೆ ಹತ್ತು ನಿಮಿಷ ಓಡಿ, ಕೊನೆಗೆ ಗಾಳಿ ಕಕ್ಕತೊಡಗಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಕೆಳಗಿನ ಮನೆಯ ಆಂಟಿ ಟ್ಯಾಂಕರ್ ಬರುವ ಹೊತ್ತಿಗೆ ಆಫೀಸಿಗೆ ತಡವಾದರೂ ಸರಿ ಎಂದು ಗೇಟಿನಲ್ಲಿ ನಿಲ್ಲುತ್ತಿದ್ದರು. ಮೇಲೆ ನನ್ನ ಕೋಣೆಯಲ್ಲಿ ಎರಡಡಿ ಉದ್ದದ ತೊಟ್ಟಿ, ವಾರಕ್ಕೊಮ್ಮೆ ಅದರ ಮೂರನೇ ಒಂದು ಭಾಗ ನೀರು ಬದಲಾವಣೆ.

ಅಪ್ಪ ಬೈಯಲಿಲ್ಲ. ‘ನಿನ್ನ ಪೆಟ್ಟಿಗೆಗೆ ವಾರಕ್ಕೆ ಎಷ್ಟು ಬಿಂದಿಗೆ ಹೋಗುತ್ತಮ್ಮ?’ ಎಂದಷ್ಟೇ ಕೇಳಿದರು. ಲೆಕ್ಕ ಹಾಕಿದೆ. ತೊಟ್ಟಿಗೆ 17 ಲೀಟರ್. ನಮ್ಮ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಲೀಟರ್ ಹೊರಗೆ ಬಿಡುತ್ತದೆ, ಅದು 34. ಒಟ್ಟು ಮೂರೂವರೆ ಬಿಂದಿಗೆ. ಹೊರಬಿದ್ದ ನೀರಿನಲ್ಲಿ ನೆಲ ಒರೆಸುತ್ತೇವೆ, ಬಾತ್‌ರೂಮಿಗೆ ಬಳಸುತ್ತೇವೆ ಎಂದು ವಾದಿಸಬಹುದಿತ್ತು. ವಾದಿಸಲು ಮುಖ ಇರಲಿಲ್ಲ. ಅಂದಿನಿಂದ ನೀರು ಬದಲಿಸುವುದನ್ನು ನಿಲ್ಲಿಸಿದೆ.

ಏಪ್ರಿಲ್‌ನಲ್ಲಿ ನಗರದಲ್ಲಿ ಮಳೆಯೇ ಬರಲಿಲ್ಲ. 28ನೇ ತಾರೀಖು ತಾಪಮಾನ 38.5 ಡಿಗ್ರಿ ಮುಟ್ಟಿತು. ತೊಟ್ಟಿಯ ನೀರು ಬೆಚ್ಚಗಿನ ಸ್ನಾನದ ನೀರಿನಂತಾಗಿತ್ತು. ಈ ಗಿಡಕ್ಕೆ 28 ಡಿಗ್ರಿ ದಾಟಿದರೇ ಸಂಕಟ. ಬುಡದಿಂದ ಕೊಳೆಯುತ್ತ ಬಂದು, ಬೆರಳುದ್ದದ ನಾಲ್ಕು ತುದಿಗಳು ಮಾತ್ರ ಉಳಿದವು.

ಆಗ ಹೊಳೆದದ್ದು, ಇದು ಜೌಗಿನ ಗಿಡ ಎಂಬ ಮಾತು. ಜೌಗು ವರ್ಷವಿಡೀ ಮುಳುಗಿರುವುದಿಲ್ಲ. ಮಳೆಗಾಲ ಮುಗಿದು ನೀರು ಇಳಿದಾಗ ಇಂಥ ಗಿಡಗಳು ಕೆಸರಿನಲ್ಲಿ, ಗಾಳಿಯಲ್ಲಿ ಬದುಕುತ್ತವೆ. ಹಾಗಾದರೆ ಬೇಸಿಗೆಯಲ್ಲಿ ಇದನ್ನು ಮುಳುಗಿಸಿಡಬೇಕೆಂದು ಹಟ ಮಾಡುತ್ತಿರುವುದು ನಾನೇ ಅಲ್ಲವೇ? ಮೊಸರಿನ ಡಬ್ಬಿಗೆ ಒದ್ದೆ ಮಣ್ಣು ತುಂಬಿ ನಾಲ್ಕು ತುದಿಗಳನ್ನು ನೆಟ್ಟೆ. ತೇವ ಆರದಂತೆ ಮೇಲೆ ಪಾರದರ್ಶಕ ಕವರ್ ಕಟ್ಟಿ ಬಿಸಿಲು ನೇರ ಬೀಳದ ಕಿಟಕಿಯಲ್ಲಿಟ್ಟೆ. ದಿನಕ್ಕೆ ಒಂದೆರಡು ಚಮಚ ನೀರು. ತೊಟ್ಟಿಯ ನೀರನ್ನು ತುಳಸಿಗೂ ಕರಿಬೇವಿಗೂ ಸುರಿದು, ತೊಟ್ಟಿಯನ್ನು ಒಣಗಿಸಿ ಮಂಚದ ಕೆಳಗೆ ತಳ್ಳಿದೆ.

ಹಳೆಯ ಎಲೆಗಳು ಉದುರಿದವು. ಒಂದು ಕಡ್ಡಿ ಸತ್ತಿತು. ಮಿಕ್ಕ ಮೂರರಲ್ಲಿ ಗುಂಡಗಿನ, ಗಟ್ಟಿ, ಹಸಿರು ಎಲೆ ಬಂದವು. ಕೆಂಪಿನ ಸುಳಿವೂ ಇಲ್ಲ. ಬೇರೆ ಯಾರಾದರೂ ತೋರಿಸಿದ್ದರೆ ಅದೇ ಗಿಡವೆಂದು ನಾನೂ ನಂಬುತ್ತಿರಲಿಲ್ಲ.

ಜೂನ್ 2ರ ಭಾನುವಾರ ಮಳೆ ಹೊಡೆಯಿತು ನೋಡಿ, ಒಂದೇ ದಿನ 111 ಮಿ.ಮೀ., ಜೂನ್ ತಿಂಗಳಿನ ಶತಮಾನದ ದಾಖಲೆಯನ್ನೇ ಮುರಿಯಿತು. ಊರೆಲ್ಲ ಮರ ಬಿದ್ದು ಪರದಾಡುತ್ತಿದ್ದರೆ ನಾನು ತಾರಸಿಯ ಪೈಪಿನ ಬಾಯಿಗೆ ಡ್ರಮ್ಮು ಹಿಡಿದು ನಿಂತಿದ್ದೆ. ಮೊದಲ ಕಾಲು ಗಂಟೆಯ ನೀರು ಧೂಳಿನದು, ಅದನ್ನು ಹೊರಗೆ ಬಿಟ್ಟೆ. ಆಮೇಲಿನದರ ಟಿಡಿಎಸ್ 15. ಬರೀ ಮಳೆನೀರಾದರೆ ಆಮ್ಲೀಯತೆ ಹಿಡಿತಕ್ಕೆ ಸಿಗುವುದಿಲ್ಲ, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಇರುವುದಿಲ್ಲ. ಹಾಗಾಗಿ ನಾಲ್ಕು ಪಾಲು ಮಳೆನೀರಿಗೆ ಒಂದು ಪಾಲು ಬೋರ್‌ವೆಲ್ ನೀರು. ಮನೆಯವರೆಲ್ಲ ಬೈದ ಗಡಸು ನೀರಿಗೂ ಒಂದು ಕೆಲಸ ಸಿಕ್ಕಿತು! ತೊಟ್ಟಿ ಮತ್ತೆ ಮೇಜಿಗೇರಿತು. ದಿನಕ್ಕೆ ಏಳು ಗಂಟೆ ಎಲ್‌ಇಡಿ ಬೆಳಕು, ಸ್ವಲ್ಪ ಕಬ್ಬಿಣಾಂಶದ ಗೊಬ್ಬರ. ಜುಲೈ ಮುಗಿಯುವ ಹೊತ್ತಿಗೆ ನೀರೊಳಗೆ ಹುಟ್ಟಿದ ಹೊಸ ಎಲೆಗಳ ಅಡಿಭಾಗ ಕೆಂಪಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತೇನೆ. ಆಗಸ್ಟ್‌ನಲ್ಲಿ ಆರು ನಿಯಾನ್ ಟೆಟ್ರಾ ತಂದೆ. ಸೆಪ್ಟೆಂಬರ್‌ನಲ್ಲಿ ಗಿಡ ಬೇಗ ಬೆಳೆಯಲಿ ಎಂದು ಇನ್ನೊಂದು ಈಸ್ಟ್ ಬಾಟಲಿ ಜೋಡಿಸಿ ಮಲಗಿದೆ. ಸಿಲಿಂಡರಿಗೆ ವಾಲ್ವ್ ಇರುತ್ತದೆ, ಈಸ್ಟಿಗೆ ಇಲ್ಲ. ರಾತ್ರಿ ಬೆಳಕಿಲ್ಲದಾಗ ಗಿಡ ಅನಿಲವನ್ನು ಬಳಸುವುದಿಲ್ಲ, ಬದಲಿಗೆ ಅದೂ ಆಮ್ಲಜನಕವನ್ನೇ ಉಸಿರಾಡುತ್ತದೆ. ಬೆಳಿಗ್ಗೆ ಎದ್ದಾಗ ಮೂರು ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು, ಮೂರು ತಳದಲ್ಲಿದ್ದವು. ತೊಟ್ಟಿಯೊಳಗಿನ ಬ್ರೊಮೊಥೈಮಾಲ್ ಬ್ಲೂ ಸೂಚಕ ಹಸಿರಾಗಿದ್ದರೆ ಅನಿಲ ಸರಿಯಾಗಿದೆ ಎಂದರ್ಥ. ಅದು ಅಚ್ಚ ಹಳದಿಯಾಗಿತ್ತು. ಪೈಪ್ ಕಿತ್ತು, ನೀರು ಬದಲಿಸಿ, ಏರ್‌ಪಂಪ್ ಹಾಕಿದ ಮೇಲೆ ಮೇಲಿದ್ದ ಮೂರು ಉಳಿದವು. ಕೆಂಪು ಎಲೆಗಳು ಮಾತ್ರ ಏನೂ ಆಗದವರಂತೆ ಮುತ್ತು ಮುತ್ತು ಗುಳ್ಳೆ ಬಿಡುತ್ತ ನಿಂತಿದ್ದವು. ಅವತ್ತು ಅವನ್ನು ನೋಡಲು ಮನಸ್ಸಾಗಲಿಲ್ಲ. ಈಗ ರಾತ್ರಿ ಪೈಪ್ ಹೊರಗೆ, ಏರ್‌ಪಂಪ್ ಒಳಗೆ. ಪರೀಕ್ಷೆಯ ಹಿಂದಿನ ರಾತ್ರಿಯೂ ಇದನ್ನು ತಪ್ಪಿಸಿಲ್ಲ.

ಅದೇ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್. ಕಾವೇರಿ ನೀರು ಮೆದು, ಗಿಡಕ್ಕೆ ಒಗ್ಗುತ್ತದೆ. ಆದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ತಂದದ್ದನ್ನು ಮೀನಿನ ಪೆಟ್ಟಿಗೆಗೆ ಸುರಿಯಲು ಕೈ ಬರುವುದಿಲ್ಲ. ಡ್ರಮ್ಮುಗಳು ಈಗ ಮೂರಾಗಿವೆ. ಒಂದನ್ನು ಕೆಳಗಿನ ಮನೆಯ ಆಂಟಿ ಬಟ್ಟೆ ಒಗೆಯಲು ವಶಪಡಿಸಿಕೊಂಡಿದ್ದಾರೆ.

ಕಳೆದ ಭಾನುವಾರ ಗಿಡ ಕತ್ತರಿಸಿದೆ. ಹದಿನಾಲ್ಕು ತುದಿ ಸಿಕ್ಕವು. ಹತ್ತನ್ನು ಯಶವಂತಪುರದ ಅಣ್ಣನಿಗೆ ಒಯ್ಯಲು ತೆಗೆದಿಟ್ಟು, ಉಳಿದ ಹಳೆಯ ಎಲೆಗಳನ್ನು ಅಜ್ಜಿಗೆ ಕೊಟ್ಟೆ. ಅವರು ಎರಡು ವರ್ಷದ ಹಿಂದಿನ ಪ್ರಶ್ನೆ ಮರೆತಿರಲಿಲ್ಲ. ಕಲ್ಲಿನಲ್ಲಿ ಅರೆದು ಅಂಗೈಗೆ ಮೆತ್ತಿ ಒಂದು ಗಂಟೆ ಕುಳಿತರು. ತೊಳೆದಾಗ ಏನೂ ಹತ್ತಿರಲಿಲ್ಲ. ‘ಎಂಥಾ ನೆಂಟರೇ ಇವರು!’ ಎಂದು ಗೊಣಗುತ್ತ ಇನ್ನೊಂದು ಚೊಂಬು ನೀರಿಗೆ ನನ್ನ ಡ್ರಮ್ಮಿಗೇ ಕೈ ಹಾಕಿದರು.